ಉಣುಗಿನ ಜಾಡು ಹಿಡಿದು: ಮಂಗನ ಕಾಯಿಲೆ, ಸಾಗರದ ಕ್ಷೇತ್ರ ಕೇಂದ್ರ ಮತ್ತು ಪಿ.ಕೆ. ರಾಜಗೋಪಾಲನ್ ಅವರ ವೃತ್ತಿಜೀವನ

1957ರ ಮಾರ್ಚ್‌ನಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತಮುತ್ತ ಮಂಗಗಳು ಸಾಯತೊಡಗಿದವು. ಕಪ್ಪು ಮೂತಿಯ ಮುಸುವವೂ ಸತ್ತವು, ಕೆಂಪು ಮೋರೆಯ ಕೋತಿಯೂ ಸತ್ತವು. ಅದೇ ದಿನಗಳಲ್ಲಿ ಕಾಡಂಚಿನ ಊರುಗಳಲ್ಲಿ ಜನ ಜ್ವರ ಬಂದು ಮಲಗಿದರು. ಹಿಂದಿನ ವರ್ಷದ ಬೇಸಿಗೆಯಲ್ಲೂ ಇಂಥದೇ ಜ್ವರ ಬಂದು ಹೋಗಿತ್ತು. ಆಗ ಅದನ್ನು ವಿಷಮಶೀತ ಜ್ವರದ ಗುಂಪಿಗೆ ಸೇರಿಸಿ ಸುಮ್ಮನಾಗಿದ್ದರು. ಈ ಸಲ ಮಂಗಗಳ ಸಾವು ಜೊತೆಗಿದ್ದುದರಿಂದ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರೆಗೆ ಮುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಕೂಡಿ 1952ರಲ್ಲಿ ಕಟ್ಟಿದ ಸಂಸ್ಥೆ ಅದು. 1978ರಿಂದ ಅದರ ಹೆಸರು ರಾಷ್ಟ್ರೀಯ ವೈರಾಣು ಸಂಸ್ಥೆ.

ಆಗ ಅಲ್ಲಿ ನಿರ್ದೇಶಕರಾಗಿದ್ದವರು ಡಾ. ಟೆಲ್ಫರ್ಡ್ ವರ್ಕ್. ಈಜಿಪ್ಟಿನಲ್ಲಿ ವೆಸ್ಟ್ ನೈಲ್ ವೈರಸ್ ಮೇಲೆ ಕೆಲಸ ಮಾಡಿ ಬಂದವರು. ಅವರ ಜೊತೆಗಿದ್ದ ಹೆರಾಲ್ಡ್ ಟ್ರಾಪಿಡೊ ಪನಾಮಾದ ಕಾಡುಗಳಲ್ಲಿ ಹಳದಿ ಜ್ವರದ ಸೊಳ್ಳೆಗಳ ಬೆನ್ನು ಹತ್ತಿದ್ದವರು. ಮಂಗ ಸಾಯುತ್ತಿದೆ, ಮನುಷ್ಯರಿಗೆ ಜ್ವರ ಬರುತ್ತಿದೆ ಎಂದ ಕೂಡಲೇ ಇಬ್ಬರಿಗೂ ಹೊಳೆದದ್ದು ಹಳದಿ ಜ್ವರವೇ. ಏಷ್ಯಾದಲ್ಲಿ ಎಂದೂ ಕಾಣಿಸದ ಆ ರೋಗ ಇಲ್ಲಿ ಕಾಲಿಟ್ಟಿದ್ದರೆ ಅನಾಹುತ ಆಗುತ್ತಿತ್ತು. ಅದನ್ನು ಹರಡಬಲ್ಲ ಸೊಳ್ಳೆ ನಮ್ಮ ಪಟ್ಟಣಗಳಲ್ಲಿ ಬೇಕಾದಷ್ಟಿತ್ತು. ನಿರ್ದೇಶಕರು ಪುಣೆಯಲ್ಲಿ ಕೂತು ಮಾದರಿ ಕಳಿಸಿ ಎಂದು ಬರೆಯಲಿಲ್ಲ. ತಾವೇ ತಂಡ ಕಟ್ಟಿಕೊಂಡು ಸೊರಬಕ್ಕೆ ಬಂದರು. ಮಂಗಗಳಿಂದಲೂ ರೋಗಿಗಳಿಂದಲೂ ವೈರಸ್ ಬೇರ್ಪಡಿಸಿದರು. ಅದು ಹಳದಿ ಜ್ವರದ್ದಾಗಿರಲಿಲ್ಲ. ಸೈಬೀರಿಯಾದ ಕಡೆ ರಕ್ತ ಹೀರುವ ಉಣುಗಿನಿಂದ (ಉಣ್ಣೆ) ಹರಡುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟನಾಗಿತ್ತು. ಕಾಡಿನ ಹೆಸರೇ ರೋಗಕ್ಕೂ ಬಂತು: ಕ್ಯಾಸನೂರು ಕಾಡಿನ ಕಾಯಿಲೆ. ನಮ್ಮ ಜನರ ಬಾಯಲ್ಲಿ ಮಾತ್ರ ಅಂದಿನಿಂದ ಇಂದಿನವರೆಗೂ ಮಂಗನ ಕಾಯಿಲೆ.

ಈ ಪತ್ತೆಯ ಕಥೆಯನ್ನು ಹಲವರು ಬರೆದಿದ್ದಾರೆ. ಆಮೇಲೆ ನಡೆದದ್ದನ್ನು ಬರೆದವರು ಕಡಿಮೆ. ವರ್ಕ್ 1958ರಲ್ಲಿ ಭಾರತ ಬಿಟ್ಟರು. ಮುಂದೆ ಅಮೆರಿಕದಲ್ಲಿ ದೊಡ್ಡ ಹುದ್ದೆಗಳನ್ನು ನಿಭಾಯಿಸಿದರು. ವೈರಸ್ಸಿಗೆ ಹೆಸರಿಟ್ಟಾಗಿತ್ತು. ಅದು ಎಲ್ಲಿ ಇರುತ್ತದೆ, ಮಳೆಗಾಲದಲ್ಲಿ ಎಲ್ಲಿ ಅಡಗುತ್ತದೆ, ಯಾವ ಉಣುಗು ಯಾವ ತಿಂಗಳಲ್ಲಿ ಯಾರನ್ನು ಕಚ್ಚುತ್ತದೆ ಎಂಬುದೆಲ್ಲ ಬಾಕಿಯಿತ್ತು. ಅದಕ್ಕೆ ಕಾಡಿನಲ್ಲೇ ವರ್ಷಗಟ್ಟಲೆ ಇರುವವರು ಬೇಕಿತ್ತು. ಪುಣೆಯ ಕೇಂದ್ರ ಪಕ್ಕದ ಸಾಗರ ಪಟ್ಟಣದಲ್ಲಿ ಕ್ಷೇತ್ರ ಕೇಂದ್ರ ತೆರೆಯಿತು. ಅಲ್ಲಿ ಬೆವರು ಸುರಿಸಿದವರಲ್ಲಿ ಒಬ್ಬರು ಕೀಟವಿಜ್ಞಾನಿ ಪಿ.ಕೆ. ರಾಜಗೋಪಾಲನ್. 1975ರಲ್ಲಿ ಪುದುಚೇರಿಯಲ್ಲಿ ಆರಂಭವಾದ ರೋಗವಾಹಕ ನಿಯಂತ್ರಣ ಸಂಶೋಧನಾ ಕೇಂದ್ರವನ್ನು ನಿರ್ದೇಶಕರಾಗಿ ಬೆಳೆಸಿದವರು ಇವರೇ. ಈ ಲೇಖನಕ್ಕೆ ಅವರನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮಲೆನಾಡು ಒಬ್ಬ ವಿಜ್ಞಾನಿಯನ್ನು ಹೇಗೆ ತಯಾರು ಮಾಡಿತು ಎಂಬುದೂ, ಆ ವಿಜ್ಞಾನಿ ಹೋದ ಮೇಲೆ ಮಲೆನಾಡಿನ ಕೈಯಲ್ಲಿ ಏನು ಉಳಿಯಿತು ಎಂಬುದೂ ಒಂದೇ ವೃತ್ತಿಜೀವನದಲ್ಲಿ ಕಾಣುತ್ತವೆ.

ಬಿಳಿ ಬಟ್ಟೆ ಎಳೆಯುವ ಕೆಲಸ

ಸಾಗರ, ಸೊರಬದ ಕಾಡುಗಳಲ್ಲಿ ಅರವತ್ತರ ದಶಕದಲ್ಲಿ ನಡೆದ ಕೆಲಸ ನೋಡಲು ತೀರ ಸರಳ. ಒಂದು ಬಿಳಿ ಫ್ಲಾನಲ್ ಬಟ್ಟೆಗೆ ಕೋಲು, ಹಗ್ಗ ಕಟ್ಟಿ ನೆಲದ ಮೇಲೆ, ಉದುರಿದ ಒಣ ಎಲೆಗಳ ದರಗಿನ ಮೇಲೆ, ಮೊಣಕಾಲೆತ್ತರದ ಗಿಡಗಳ ಮೇಲೆ ಎಳೆದುಕೊಂಡು ನಡೆಯಬೇಕು. ಎಲೆಯ ತುದಿಯಲ್ಲಿ ಕಾಲು ಚಾಚಿ ಕಾದು ಕೂತ ಎಳೆ ಉಣುಗು ಪ್ರಾಣಿಯೇ ಬಂತೆಂದು ಬಟ್ಟೆಗೆ ಹತ್ತಿಕೊಳ್ಳುತ್ತದೆ. ಬಿಳಿಯ ಮೇಲೆ ಸಾಸಿವೆಗಿಂತ ಸಣ್ಣ ಕಂದು ಚುಕ್ಕೆ. ಚಿಮಟದಲ್ಲಿ ಅದನ್ನು ತೆಗೆದು ಸೀಸೆಗೆ ಹಾಕಿ, ಜಾಗ, ದಿನ, ಗಿಡಗಳ ಬಗೆ, ನೆರಳು, ದನ ಓಡಾಡುವ ದಾರಿಯೇ ಅಲ್ಲವೇ ಎಂಬುದನ್ನೆಲ್ಲ ಬರೆದುಕೊಳ್ಳಬೇಕು. ಆಮೇಲೆ ಜಾತಿ ಗುರುತಿಸಬೇಕು. ಒಂದೇ ಬಗೆಯವನ್ನು ಗುಂಪು ಮಾಡಿ ಅರೆದು ಇಲಿಮರಿಗಳ ಮಿದುಳಿಗೆ ಚುಚ್ಚಿ ವೈರಸ್ ಇದೆಯೇ ಎಂದು ನೋಡಬೇಕು. ಒಂದು ದಿನದ ಬಟ್ಟೆ ಏನೂ ಹೇಳುವುದಿಲ್ಲ. ಅದೇ ದಾರಿಯಲ್ಲಿ ವರ್ಷವಿಡೀ, ಹಲವು ವರ್ಷ ಎಳೆದಾಗಲೇ ಕಾಡು ಬಾಯಿಬಿಡುವುದು.

ಹಾಗೆ ತಿಳಿದುಬಂದದ್ದು ಇಷ್ಟು. ಮುಖ್ಯ ವಾಹಕ ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ಮಳೆ ಶುರುವಾದ ಮೇಲೆ ಬೆಳೆದ ಹೆಣ್ಣು ಉಣುಗು ದನಗಳಂಥ ದೊಡ್ಡ ಪ್ರಾಣಿಗಳ ರಕ್ತ ಕುಡಿದು, ನೆಲಕ್ಕೆ ಬಿದ್ದು, ದರಗಿನಡಿ ರಾಶಿಗಟ್ಟಲೆ ಮೊಟ್ಟೆಯಿಡುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಆರು ಕಾಲಿನ ಮರಿಗಳು ಹೊರಬಂದು ಇಲಿ, ಅಳಿಲು, ನೆಲಕ್ಕಿಳಿಯುವ ಹಕ್ಕಿ, ಮಂಗಗಳ ಮೈ ಹತ್ತುತ್ತವೆ. ರಕ್ತದಲ್ಲಿ ವೈರಸ್ ಇರುವ ಪ್ರಾಣಿಯಾಗಿದ್ದರೆ ಮರಿಗೆ ಅಂಟಿದ ಸೋಂಕು ಪೊರೆ ಕಳಚಿದ ಮೇಲೂ ಉಳಿಯುತ್ತದೆ. ನವೆಂಬರ್‌ನಿಂದ ಮೇ ತಿಂಗಳವರೆಗೆ ಎಂಟು ಕಾಲಿನ ಎಳೆ ಉಣುಗುಗಳ ಕಾಲ. ಮನುಷ್ಯರನ್ನು ಹೆಚ್ಚಾಗಿ ಕಚ್ಚುವವು ಇವೇ. ಅಡಿಕೆ ಕೊಯ್ಲು ಮುಗಿಸಿ, ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟದಲ್ಲಿ ದರಗು ಗುಡಿಸಿ, ಕಟ್ಟಿಗೆ ತರುವ ಕಾಲವೂ ಅದೇ. ಕಾಯಿಲೆ ಪ್ರತಿವರ್ಷ ಬೇಸಿಗೆಯ ಮುಂಚೆ ತಲೆಯೆತ್ತಿ ಮಳೆ ಬಿದ್ದೊಡನೆ ಇಳಿಯುವುದು ಇದರಿಂದಲೇ.

ದನಗಳ ವಿಷಯ ಈ ಕೆಲಸದ ಅತಿ ಮುಖ್ಯ ತಿಳಿವಳಿಕೆ ಎಂದು ನನ್ನ ಎಣಿಕೆ. ದನಕ್ಕೆ ಈ ಕಾಯಿಲೆ ಬರುವುದಿಲ್ಲ. ಉಣುಗಿಗೆ ದಾಟಿಸುವಷ್ಟು ವೈರಸ್ ಅದರ ರಕ್ತದಲ್ಲಿ ಬೆಳೆಯುವುದೂ ಇಲ್ಲ. ಆದರೂ ಅದು ಉಣುಗಿನ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಕಾಡಿನ ನಡುವೆ ಗದ್ದೆ ತೆಗೆದು, ಮನೆ ಕಟ್ಟಿ, ಕೊಟ್ಟಿಗೆ ತುಂಬ ದನ ಸಾಕಿ, ಅದೇ ಕಾಡಿಗೆ ಮೇಯಲು ಬಿಟ್ಟಾಗ ಉಣುಗಿಗೆ ಹಿಂದೆಂದೂ ಇಲ್ಲದಷ್ಟು ಆಹಾರ ಸಿಕ್ಕಿತು. ಇಲಿ, ಉಣುಗುಗಳ ನಡುವೆ ಸದ್ದಿಲ್ಲದೆ ಸುತ್ತುತ್ತಿದ್ದ ವೈರಸ್ ಮಂಗದ ಮೇಲೂ ಮನುಷ್ಯನ ಮೇಲೂ ಬಂದದ್ದು ಹೀಗೆ. ಕೊಲಂಬಿಯಾದಿಂದ ಬಂದ ಹೋರ್ಹೆ ಬೊಶೆಲ್ ಈ ವಾದವನ್ನು 1969ರಲ್ಲಿ ಅಮೆರಿಕದ ಉಷ್ಣವಲಯ ವೈದ್ಯಕೀಯ ಪತ್ರಿಕೆಯಲ್ಲಿ ವಿವರವಾಗಿ ಮಂಡಿಸಿದರು. ತಮ್ಮ ದೇಶದಲ್ಲಿ ಮರ ಕಡಿಯುವವರಿಗೇ ಹಳದಿ ಜ್ವರ ಯಾಕೆ ಬರುತ್ತದೆ ಎಂದು ನೋಡಿದ್ದವರು ಅವರು: ಮರದ ನೆತ್ತಿಯಲ್ಲಿದ್ದ ಸೊಳ್ಳೆ ಮರ ಉರುಳಿದಾಗ ನೆಲಕ್ಕೆ ಬರುತ್ತಿತ್ತು. ಕಾಡು ಕಡಿದ ಜಾಗದಲ್ಲಿ ರೋಗದ ದಾರಿ ಬದಲಾಗುತ್ತದೆ ಎಂಬ ಕಣ್ಣು ಅವರಿಗೆ ಮೊದಲೇ ಇತ್ತು. ಆ ಕಣ್ಣಿಗೆ ಸಾಗರದಲ್ಲಿ ಕೈಯಾಗಿ ದುಡಿದವರಲ್ಲಿ ರಾಜಗೋಪಾಲನ್ ಪ್ರಮುಖರು. ಇಬ್ಬರೂ ಸೇರಿ ಬರೆದ ಸರಣಿ ಪ್ರಬಂಧಗಳು 1968ರಲ್ಲಿ ಭಾರತದ ವೈದ್ಯಕೀಯ ಸಂಶೋಧನಾ ಪತ್ರಿಕೆಯಲ್ಲಿ ಬಂದವು.

ಸತ್ತ ಮಂಗದ ವಿಷಯವೂ ಆ ಕಾಲದಲ್ಲೇ ಸ್ಪಷ್ಟವಾಯಿತು. ಮಂಗಕ್ಕೆ ಸೋಂಕು ತಗುಲಿದಾಗ ಅದರ ರಕ್ತದಲ್ಲಿ ವೈರಸ್ ವಿಪರೀತ ಬೆಳೆಯುತ್ತದೆ. ಅದು ಕಾಯಿಲೆ ಬಿದ್ದು ಮರದಿಂದಿಳಿದು ಸಾಯುವಾಗ ಮೈ ತುಂಬ ಉಣುಗು ಮರಿಗಳಿರುತ್ತವೆ. ಮೈ ತಣ್ಣಗಾದ ಮೇಲೆ ಅವು ಅದನ್ನು ಬಿಟ್ಟು ಸುತ್ತಲ ದರಗಿಗೆ ಉದುರುತ್ತವೆ. ಕೆಲವು ವಾರ ಕಳೆದು ಪೊರೆ ಕಳಚಿ ಎಳೆ ಉಣುಗಾಗಿ ಎದ್ದಾಗ ಆ ಜಾಗವೇ ಸೋಂಕಿನ ತಾಣ. ಹೆಣವನ್ನು ಎತ್ತಿ ಸುಟ್ಟರಷ್ಟೇ ಸಾಲದು, ಅದು ಬಿದ್ದ ಸುತ್ತಲಿನ ನೆಲಕ್ಕೂ ಮದ್ದು ಹೊಡೆಯಬೇಕು ಎಂಬ ಇವತ್ತಿನ ಕ್ರಮದ ಬೇರು ಇಲ್ಲಿದೆ. ಊರಲ್ಲಿ ಮಂಗ ಸತ್ತರೆ ಗ್ರಾಮ ಪಂಚಾಯಿತಿಗೆ ಫೋನ್ ಮಾಡಿ, ಹತ್ತಿರ ಹೋಗಬೇಡಿ, ಮ್ಯಾಲಥಿಯಾನ್ ಪುಡಿ ಎರಚುತ್ತಾರೆ ಎಂದು ನಾವು ಈಗ ಹೇಳುವ ಮಾತು ಆ ಕಾಡಿನಲ್ಲಿ ಬಟ್ಟೆ ಎಳೆದವರು ಕೊಟ್ಟದ್ದು.

ಈ ಕೆಲಸ ಸುರಕ್ಷಿತವೂ ಆಗಿರಲಿಲ್ಲ. ಪ್ರಯೋಗಾಲಯದಲ್ಲೂ ಕಾಡಿನಲ್ಲೂ ಸಂಸ್ಥೆಯ ಸಿಬ್ಬಂದಿಗೇ ಸೋಂಕು ತಗುಲಿದ ನಿದರ್ಶನಗಳು ಹಲವು. ಮೊದಲೇ ಹೇಳಿದ ಸೈಬೀರಿಯಾದ ಕಡೆಯ ಮಿದುಳು ಜ್ವರಕ್ಕೆಂದು ಇದ್ದ ಲಸಿಕೆಯನ್ನು 1958-59ರ ಸುಮಾರಿಗೆ ಇಲ್ಲಿನವರಿಗೆ ಹಾಕಿ ನೋಡಿದರು, ಅದು ಕಾಪಾಡಲಿಲ್ಲ. ಮೈ ಪೂರ್ತಿ ಮುಚ್ಚಿಕೊಂಡು, ಸಂಜೆ ಬಂದು ಬಟ್ಟೆ ಬಿಚ್ಚಿ ಉಣುಗು ಹುಡುಕುವುದಷ್ಟೇ ರಕ್ಷಣೆ. ಬೆಟ್ಟಕ್ಕೆ ಹೋಗಿ ಬರುವ ನಮ್ಮ ಹೆಂಗಸರಿಗೆ ಇದ್ದ ರಕ್ಷಣೆಯೂ ಅಷ್ಟೇ.

ಪುದುಚೇರಿಯ ಚರಂಡಿಗಳು

ರಾಜಗೋಪಾಲನ್ 1970ರ ಸುಮಾರಿಗೆ ಪುಣೆಯ ಸಂಸ್ಥೆ ಬಿಟ್ಟು ದೆಹಲಿಯ ಸೊಳ್ಳೆ ಸಂಶೋಧನಾ ಘಟಕಕ್ಕೆ ಹೋದರು. ಅಲ್ಲಿಂದ ಪುದುಚೇರಿಗೆ. ಆ ಕೇಂದ್ರವನ್ನು ಸುಮಾರು 15 ವರ್ಷ ನಡೆಸಿದರು. ಅವರ ಆಡಳಿತದ ಎಲ್ಲ ವಿವರಗಳಿಗೆ ನಾನು ಹೋಗುವುದಿಲ್ಲ. ಒಂದು ಕೆಲಸ ಸಾಕು.

ಪುದುಚೇರಿಯಲ್ಲಿ ಆನೆಕಾಲು ರೋಗ ಹೆಚ್ಚಿತ್ತು. ಅದನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆ ಕೊಳಚೆ ನೀರಿನಲ್ಲಿ, ಚರಂಡಿಯಲ್ಲಿ, ಬಳಸದ ಬಾವಿಯಲ್ಲಿ, ಮಲದ ಗುಂಡಿಯಲ್ಲಿ ಮರಿಮಾಡುತ್ತದೆ. ವಾರಕ್ಕೊಮ್ಮೆ ಮದ್ದು ಸಿಂಪಡಿಸಿ ಲೆಕ್ಕ ಬರೆದಿಡುವುದು ಆಗಿನ ವಾಡಿಕೆ. 1981ರಿಂದ 85ರವರೆಗೆ ಅವರ ಕೇಂದ್ರ ಬೇರೆ ದಾರಿ ಹಿಡಿಯಿತು. ಮೊದಲು ಊರಿನಲ್ಲಿ ಸೊಳ್ಳೆ ಹುಟ್ಟುವ ಜಾಗಗಳನ್ನೆಲ್ಲ ನಡೆದು ಗುರುತು ಮಾಡಿದರು. ಚರಂಡಿಯ ಇಳಿಜಾರು ಸರಿಪಡಿಸಿ ನೀರು ಹರಿಯುವಂತೆ ಮಾಡಿದರು. ಗುಂಡಿ, ತಗ್ಗುಗಳನ್ನು ಮುಚ್ಚಿಸಿದರು. ಬಾವಿಗಳಿಗೆ ಮರಿಹುಳ ತಿನ್ನುವ ಮೀನು ಬಿಟ್ಟರು. ಮುಚ್ಚಲಾಗದ ಕಡೆ ನೀರಿನ ಮೇಲೆ ಥರ್ಮೋಕೋಲ್ ಮಣಿಗಳ ಪದರ ಹಾಸಿದರು. ಜನರನ್ನೂ ಪುರಸಭೆಯನ್ನೂ ಜೊತೆಗೆ ಸೇರಿಸಿಕೊಂಡರು. ಸೊಳ್ಳೆ ಇಳಿಯಿತು, ಹೊಸ ಸೋಂಕು, ವಿಶೇಷವಾಗಿ ಮಕ್ಕಳಲ್ಲಿ, ಕಡಿಮೆಯಾಯಿತು. ಆಮೇಲೆ ಕೇರಳದ ಚೇರ್ತಲದಲ್ಲಿ ಬೇರೆ ಬಗೆಯ ಆನೆಕಾಲು ರೋಗಕ್ಕೆ ಕಾರಣವಾದ ಸೊಳ್ಳೆ ಕೆರೆಕುಂಟೆಗಳ ಅಂತರಗಂಗೆ ಗಿಡದ ಬೇರಿಗೆ ಅಂಟಿ ಬೆಳೆಯುತ್ತದೆ ಎಂಬುದನ್ನು ಆಧಾರ ಮಾಡಿಕೊಂಡು, ಆ ಗಿಡವನ್ನು ಕಿತ್ತು ಕುಂಟೆಗಳಲ್ಲಿ ಮೀನು ಸಾಕಲು ಹಚ್ಚಿದರು. ಮೀನಿನಿಂದ ಹಣ ಬರುವಾಗ ಗಿಡ ಕೀಳಿ ಎಂದು ಯಾರೂ ಬಂದು ಹೇಳಬೇಕಾಗಲಿಲ್ಲ. ಶಾಲೆಯ ಹುಡುಗರೂ ಈ ಚಳವಳಿಗೆ ಕೈಜೋಡಿಸಿದರು.

ಸಾಗರದ ಕಾಡಿಗೂ ಪುದುಚೇರಿಯ ಚರಂಡಿಗೂ ಎಲ್ಲಿಯ ಸಂಬಂಧ ಎಂದು ಕೇಳಬಹುದು. ಸಂಬಂಧ ನೇರವಾಗಿದೆ. ಕೀಟವನ್ನು ಕೊಲ್ಲುವ ಮೊದಲು ಅದು ಯಾರನ್ನು ನಂಬಿ ಬದುಕುತ್ತದೆ, ಯಾವ ತಿಂಗಳಲ್ಲಿ ಎಲ್ಲಿ ಇರುತ್ತದೆ, ಅಲ್ಲಿನ ಜನ ಹೊಟ್ಟೆಪಾಡಿಗೆ ಏನು ಮಾಡುತ್ತಾರೆ ಎಂದು ನೋಡಬೇಕು. ಸಾಗರದಲ್ಲಿ ದನ, ದರಗು, ಗದ್ದೆ. ಚೇರ್ತಲದಲ್ಲಿ ಕುಂಟೆ, ಗಿಡ, ಮೀನು. ಇದು ಕಾಡಿನಲ್ಲಿ ನಡೆದವರಿಗೆ ಬರುವ ಬುದ್ಧಿ. ನಿರ್ದೇಶಕರ ಕುರ್ಚಿಯಲ್ಲಿ ಕೂತ ಮೇಲೂ ಅದು ಅವರನ್ನು ಬಿಡಲಿಲ್ಲ.

ಪುದುಚೇರಿಯ ಕಥೆಗೆ ಇನ್ನೊಂದು ಭಾಗವಿದೆ, ಮಲೆನಾಡಿಗೆ ಹೆಚ್ಚು ಪಾಠ ಅದರಲ್ಲಿದೆ. ಐದು ವರ್ಷದ ಯೋಜನೆ ಮುಗಿದ ಮೇಲೆ ಕೆಲಸವನ್ನು ಸ್ಥಳೀಯ ಆಡಳಿತಕ್ಕೆ ಒಪ್ಪಿಸಲಾಯಿತು. ಅಲ್ಲಿಯವರೆಗಿನ ತೀವ್ರತೆ ಉಳಿಯಲಿಲ್ಲ, ಸೊಳ್ಳೆ ಮತ್ತೆ ಏರಿತು. ಇದನ್ನು ಅಳೆದು ಪ್ರಕಟಿಸಿದವರು ಅದೇ ಕೇಂದ್ರದ ವಿಜ್ಞಾನಿಗಳು. ತಮ್ಮ ಸಂಸ್ಥೆಯ ಹೆಸರುವಾಸಿ ಕೆಲಸ ನಿಂತ ಮೇಲೆ ಏನಾಯಿತು ಎಂದು ತಾವೇ ಹೋಗಿ ನೋಡಿ ಬರೆದದ್ದು ದೊಡ್ಡ ಪ್ರಾಮಾಣಿಕತೆ. ಮಂಗನ ಕಾಯಿಲೆಯ ವಿಷಯದಲ್ಲಿ ಸಾಗರದ ಕೆಲಸ ಕುಗ್ಗಿದ ಮೇಲೆ ಅಂಥ ಲೆಕ್ಕ ಯಾರಾದರೂ ಇಟ್ಟದ್ದು ನನಗೆ ತಿಳಿದಿಲ್ಲ.

ಕಾಡಿನ ಲೆಕ್ಕ ನಿಂತ ಮೇಲೆ

ಎಪ್ಪತ್ತರ ದಶಕದಲ್ಲಿ ಸಾಗರದ ಕ್ಷೇತ್ರ ಸಂಶೋಧನೆ ಇಳಿಮುಖವಾಯಿತು. ಎಂಬತ್ತರ ದಶಕದ ಆರಂಭದಲ್ಲಿ ಕಾಯಿಲೆ ದಕ್ಷಿಣ ಕನ್ನಡದ ಬೆಳ್ತಂಗಡಿ ಕಡೆ ಸ್ಫೋಟಿಸಿತು. ಗೇರು ತೋಟಕ್ಕೆಂದು ಕಾಡು ಸವರಿದ ಜಾಗ ಅದು. ಬೊಶೆಲ್ ಹನ್ನೆರಡು ಹದಿಮೂರು ವರ್ಷ ಮೊದಲೇ ಬರೆದಿಟ್ಟಿದ್ದ ಎಚ್ಚರಿಕೆ ಅಕ್ಷರಶಃ ನಡೆಯಿತು. ಆ ಬರಹ ಓದಿದ, ಅರಣ್ಯ ಇಲಾಖೆಯ ಮೇಜಿನ ಎದುರು ಕೂತು ಈ ಜಾಗ ಸವರಬೇಡಿ ಎನ್ನಬಲ್ಲ ಒಬ್ಬ ಕೀಟವಿಜ್ಞಾನಿ ಆಗ ಜಿಲ್ಲೆಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಸಂಸ್ಥೆ ಕೈಕಟ್ಟಿ ಕೂತಿತ್ತು ಎಂದರೆ ಅನ್ಯಾಯವಾಗುತ್ತದೆ. ಪುಣೆಯಲ್ಲಿ ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಲಸಿಕೆ ಮಾಡಿದರು. ತೊಂಬತ್ತರ ದಶಕದಿಂದ ಅದು ನಮ್ಮ ತಾಲ್ಲೂಕುಗಳಲ್ಲಿ ಬಳಕೆಗೆ ಬಂತು. ಆ ಸಂಸ್ಥೆಯ ಮೊದಲ ಮಹಿಳಾ ನಿರ್ದೇಶಕಿ ಖೋರ್ಷೆದ್ ಪಾವ್ರಿ ಈ ರೋಗದ ಲಕ್ಷಣಗಳನ್ನು ಕ್ರಮವಾಗಿ ದಾಖಲಿಸಿ 1989ರಲ್ಲಿ ಪ್ರಕಟಿಸಿದರು: ಇದ್ದಕ್ಕಿದ್ದಂತೆ ಏರುವ ಜ್ವರ, ತಲೆ ಸಿಡಿತ, ಸೊಂಟ ಕಾಲುಗಳ ಮಾಂಸಖಂಡಗಳಲ್ಲಿ ತಡೆಯಲಾರದ ನೋವು, ಕೆಲವರಲ್ಲಿ ಮೂಗು ಒಸಡುಗಳಿಂದ ರಕ್ತ, ಒಂದೆರಡು ವಾರ ಬಿಟ್ಟು ಕೆಲವರಿಗೆ ಮತ್ತೆ ಮರುಕಳಿಸುವ ಜ್ವರ. ಇಂದಿಗೂ ಇದಕ್ಕೆ ನೇರ ಔಷಧವಿಲ್ಲ. ನೀರು, ರಕ್ತ, ಆರೈಕೆಯೇ ಚಿಕಿತ್ಸೆ. ತಗುಲಿದ ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ತೀರಿಕೊಳ್ಳುತ್ತಾರೆ.

ಲಸಿಕೆಗೆ ಮಿತಿಯಿತ್ತು. ಎರಡು ಡೋಸ್ ತಿಂಗಳ ಅಂತರದಲ್ಲಿ, ಆಮೇಲೆ ಬೂಸ್ಟರ್, ಆಮೇಲೆ ವರ್ಷಕ್ಕೊಂದು. 2013ರಲ್ಲಿ ಪ್ರಕಟವಾದ ಶಿವಮೊಗ್ಗ ಜಿಲ್ಲೆಯ ವಿಶ್ಲೇಷಣೆಯ ಪ್ರಕಾರ ಎರಡು ಡೋಸ್ ಪಡೆದವರಿಗೆ ಶೇ 62ರಷ್ಟು, ಬೂಸ್ಟರ್ ಕೂಡ ಪಡೆದವರಿಗೆ ಶೇ 83ರ ಹತ್ತಿರ ರಕ್ಷಣೆ. ಚುಚ್ಚಿದ ಜಾಗದ ನೋವಿಗೆ ಹೆದರಿ ಎರಡನೆಯದಕ್ಕೇ ಬಾರದವರು ಬಹಳ. 2022ರಲ್ಲಿ ಅದರ ಬಳಕೆಯೂ ನಿಂತಿತು. ಐಸಿಎಂಆರ್ ಈಗ ಹೈದರಾಬಾದಿನ ಕಂಪನಿಯೊಂದರ ಜೊತೆ ಹೊಸ ಲಸಿಕೆಯ ಕೆಲಸದಲ್ಲಿದೆ. ಅದು ಬರುವವರೆಗೆ ನಮ್ಮ ಕೈಯಲ್ಲಿರುವುದು ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ ಮತ್ತು ಜಾಗ್ರತೆ.

2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಲಿನ ಊರುಗಳು ಕಂಡ ಸಾವುಗಳನ್ನು ನಮ್ಮ ಜಿಲ್ಲೆ ಮರೆತಿಲ್ಲ. ಮನೆ ಮನೆಯಲ್ಲಿ ಜ್ವರ, ದೂರದ ಆಸ್ಪತ್ರೆ, ವರದಿಗೆ ಕಾಯುವ ದಿನಗಳು. ಬೇಸಿಗೆಯ ಆರಂಭದಲ್ಲಿ ಆಶಾ ಕಾರ್ಯಕರ್ತೆಯರು ಎಣ್ಣೆ ಬಾಟಲಿ ಹಿಡಿದು ಮನೆಗಳಿಗೆ ಹೋಗುವಾಗ ಇಂಥ ಮಾತು ಕೇಳುತ್ತದೆ:

“ಅಜ್ಜಾ, ಬೆಟ್ಟಕ್ಕೆ ಹೋಗೋ ಮೊದ್ಲು ಕೈಕಾಲಿಗೆ ಹಚ್ಕಳಿ. ಬಂದ್ಮೇಲೆ ಬಿಸಿನೀರು ಸ್ನಾನ ಮಾಡಿ, ಬಟ್ಟೆ ಬಿಸಿನೀರಲ್ಲಿ ಹಾಕಿ.”

“ಹಚ್ಕತ್ತೆ ತಂಗೀ. ಗಂಟೆ ಗುಡಿಸೋದ್ರೊಳಗೆ ಬೆವರಿಗೆ ಎಲ್ಲಾ ಇಳಿದು ಹೋಗ್ತದೆ. ಯಾವ ಕಡೆ ಬೆಟ್ಟಕ್ಕೆ ಈ ವರ್ಷ ಹೋಗ್ಬಾರ್ದು ಅಂತ ಹೇಳು, ಅದನ್ನ ಕೇಳ್ತೆ.”

ಅಜ್ಜನ ಪ್ರಶ್ನೆಗೆ ಆ ಹೆಣ್ಣುಮಗಳ ಹತ್ತಿರ ಉತ್ತರವಿರುವುದಿಲ್ಲ. ತಪ್ಪು ಅವಳದ್ದಲ್ಲ. ಯಾವ ಬೆಟ್ಟದಲ್ಲಿ ಈ ಸಲ ಉಣುಗು ಹೆಚ್ಚಿದೆ, ಅದರಲ್ಲಿ ವೈರಸ್ ಇದೆಯೇ ಎಂಬುದು ಮಂಗ ಸಾಯುವ ಮುಂಚೆ ತಿಳಿಯಬೇಕಾದರೆ ಯಾರೋ ಅಲ್ಲಿ ಬಿಳಿ ಬಟ್ಟೆ ಎಳೆದಿರಬೇಕು. ಇವತ್ತು ನಮಗೆ ಸುದ್ದಿ ಬರುವುದು ಮಂಗ ಸತ್ತ ಮೇಲೆ, ಕೆಲವೊಮ್ಮೆ ಮನುಷ್ಯರು ಮಲಗಿದ ಮೇಲೆ.

ಶಿವಮೊಗ್ಗದಲ್ಲಿ ಮಾದರಿ ಪರೀಕ್ಷಿಸುವ ಸರ್ಕಾರಿ ಪ್ರಯೋಗಾಲಯ ಇದೆ. ವೈರಸ್ಸಿನ ಆನುವಂಶಿಕ ವಸ್ತುವನ್ನೇ ಗುರುತಿಸುವ ಪಿಸಿಆರ್ ಪರೀಕ್ಷೆ ಬಂದ ಮೇಲೆ ರೋಗಪತ್ತೆ ಹಿಂದಿಗಿಂತ ಬೇಗ ಆಗುತ್ತಿದೆ. ಪುಣೆಯಲ್ಲಿ ಅತ್ಯುನ್ನತ ಸುರಕ್ಷತೆಯ ಪ್ರಯೋಗಾಲಯವಿದೆ. ಇವೆಲ್ಲ ಬೇಕು, ಯಾವುದೂ ಕಡಿಮೆಯ ಕೆಲಸವಲ್ಲ. ಆದರೆ ಇವೆಲ್ಲ ಶುರುವಾಗುವುದು ರೋಗಿ ಅಥವಾ ಸತ್ತ ಮಂಗ ಬಂದ ನಂತರ. ರಾಜಗೋಪಾಲನ್ ಮತ್ತು ಅವರ ಜೊತೆಯವರು ಮಾಡಿದ್ದು ಅದಕ್ಕೂ ಮುಂಚಿನ ಹಂತದ ಕೆಲಸ. ಆ ಹಂತಕ್ಕೆ ಜಿಲ್ಲೆಯಲ್ಲಿ ಖಾಯಂ ಹುದ್ದೆ ಬೇಕು, ಹುದ್ದೆಗೆ ಬಡ್ತಿ ಬೇಕು. ಕಾಡು ತಿರುಗುವ ಕೀಟವಿಜ್ಞಾನಿ ಮೇಲೇರಬೇಕಾದರೆ ಕಾಡು ಬಿಡಲೇಬೇಕು ಎಂಬ ಸ್ಥಿತಿಯಿದ್ದರೆ ಪ್ರತಿಭಾವಂತರು ಹತ್ತು ವರ್ಷಕ್ಕೆ ಹೊರಡುತ್ತಾರೆ. ಅವರ ಜೊತೆ ಅವರ ಕಣ್ಣೂ ಹೋಗುತ್ತದೆ. ಪುದುಚೇರಿಯ ಕೇಂದ್ರ ವೈದ್ಯಕೀಯ ಕೀಟವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಶುರುಮಾಡಿ ಹೊಸಬರನ್ನು ತಯಾರು ಮಾಡಿತು. ಅಂಥ ತರಬೇತಿ ಪಡೆದ ಇಬ್ಬರು ಮೂವರನ್ನಾದರೂ ಸಾಗರ, ತೀರ್ಥಹಳ್ಳಿ, ಸೊರಬದ ನಡುವೆ ನೆಲೆ ನಿಲ್ಲಿಸುವುದು ರಾಜ್ಯಕ್ಕೆ ಭಾರವಾಗುವ ಖರ್ಚಲ್ಲ.

ಕೆಲಸದ ಕ್ರಮವೂ ಹೊಸದಾಗಿ ಕಂಡುಹಿಡಿಯಬೇಕಾದ್ದಲ್ಲ. ಹಿಂದೆ ಕಾಯಿಲೆ ಬಂದ ಊರುಗಳ ಸೊಪ್ಪಿನ ಬೆಟ್ಟ, ದನ ಮೇಯುವ ಬ್ಯಾಣ, ಕಟ್ಟಿಗೆ ದಾರಿಗಳನ್ನು ಗುರುತಿಸಿ ಸೆಪ್ಟೆಂಬರ್ ಕೊನೆಯಿಂದ ವಾರಕ್ಕೊಮ್ಮೆ ಬಟ್ಟೆ ಎಳೆಯಬೇಕು. ಮರಿಗಳು ಎಲ್ಲಿ ರಾಶಿ ಇವೆ ಎಂದು ನೋಡಬೇಕು. ನವೆಂಬರ್‌ನಲ್ಲಿ ಎಳೆ ಉಣುಗು ಏಳುತ್ತಿದ್ದಂತೆ ಗುಂಪು ಮಾಡಿ ಶಿವಮೊಗ್ಗದ ಪ್ರಯೋಗಾಲಯಕ್ಕೆ ಕಳಿಸಬೇಕು. ದನಗಳ ಮೈಮೇಲಿನ ಉಣುಗಿಗೆ ಮದ್ದು ಹಾಕಿಸಲು ಪಶುವೈದ್ಯರನ್ನು ಅದೇ ಪಟ್ಟಿ ನೋಡಿ ಆ ಊರುಗಳಿಗೆ ಮೊದಲು ಕಳಿಸಬೇಕು. ಅರಣ್ಯ ಇಲಾಖೆಯ ಕಾವಲುಗಾರರು ಕಂಡ ಮಂಗನ ಸಾವು ಅದೇ ನಕ್ಷೆಯಲ್ಲಿ ಆ ದಿನವೇ ಸೇರಬೇಕು. ಡಿಸೆಂಬರ್ ಹೊತ್ತಿಗೆ, ದರಗು ಗುಡಿಸುವ ಕೆಲಸ ಜೋರಾಗುವ ಮುಂಚೆ, ಯಾವ ಬೆಟ್ಟ ಬಿಡಬೇಕು ಎಂಬ ಒಂದು ಪುಟದ ಪಟ್ಟಿ ಪ್ರತಿ ಗ್ರಾಮ ಪಂಚಾಯಿತಿಯ ಬಾಗಿಲಿಗೆ ಅಂಟಿರಬೇಕು ಮತ್ತು ಆಶಾ ಕಾರ್ಯಕರ್ತೆಯ ಕೈಯಲ್ಲಿರಬೇಕು.